ಮೊದಲು ಹೆದರಿಸಿ, ಆಮೇಲೆ ಗುಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 31 ಹತ್ತಿರ ಬಂತು. ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಆಗಲೇ ವಾದ ಶುರುವಾಗಿರುತ್ತದೆ. ಮಕ್ಕಳಿಗೆ ಅವತ್ತಿನ ದೆವ್ವದ ವೇಷದ ಹಬ್ಬ ಹ್ಯಾಲೋವೀನ್ ಬೇಕು. ಊರಿಂದ ಬಂದ ಅಜ್ಜಿಗೆ ಹಬ್ಬದ ಸಮಯದಲ್ಲಿ ಬಾಗಿಲಿಗೆ ಅಸ್ಥಿಪಂಜರ ಕಟ್ಟುವುದು ಸರಿಬರುವುದಿಲ್ಲ. 2024ರಲ್ಲಂತೂ ನರಕ ಚತುರ್ದಶಿಯೂ ಅದೇ ದಿನ ಬಂದಿತ್ತು. ಬೆಳಗ್ಗೆ ಎಣ್ಣೆಸ್ನಾನ, ಸಂಜೆ ಡ್ರಾಕುಲಾ ಹಲ್ಲು!

ನನ್ನ ಸಲಹೆ ಇಷ್ಟೇ. ಮನೆಯಲ್ಲೇ ವಿಜ್ಞಾನದ ಹ್ಯಾಲೋವೀನ್ ಪಾರ್ಟಿ ಮಾಡಿ. ಮಕ್ಕಳನ್ನು ಚೆನ್ನಾಗಿ ಹೆದರಿಸಿ. ಆಮೇಲೆ ಅದರ ಗುಟ್ಟು ಹೇಳಿ, ಸಾಧ್ಯವಾದದ್ದನ್ನೆಲ್ಲ ಅವರ ಕೈಯಿಂದಲೇ ಮಾಡಿಸಿ. ಗುಟ್ಟು ತಿಳಿಯದೆ ಯಾವ ಮಗುವೂ ಮನೆಗೆ ಹೋಗಬಾರದು.

ನಿಂಬೆಹಣ್ಣಿನಿಂದ ಶುರು ಮಾಡೋಣ. ಮಂತ್ರ ಹಾಕಿ ನಿಂಬೆಹಣ್ಣು ಕೊಯ್ದರೆ ರಕ್ತ ಬರುತ್ತದೆ ಎಂದು ಹೆದರಿಸುವವರ ಕಥೆ ನಿಮಗೆಲ್ಲ ಗೊತ್ತು, ಅಲ್ವಾ? ಚಾಕುವಿಗೆ ಕೆಂಪು ದಾಸವಾಳದ ಎಸಳನ್ನು ಚೆನ್ನಾಗಿ ಉಜ್ಜಿ ಒಣಗಿಸಿ. ಹಣ್ಣು ಕೊಯ್ಯಿರಿ. ರಸ ಕೆಂಪಾಗುತ್ತದೆ. ಹೂವಿನಲ್ಲಿ ಆಂಥೋಸಯನಿನ್ ಎಂಬ ಬಣ್ಣದ ವಸ್ತು ಇದೆ. ಹುಳಿ ತಾಗಿದರೆ ಅದು ಕೆಂಪಾಗುತ್ತದೆ. ದಾಸವಾಳ ಸಿಗದಿದ್ದರೆ ನೇರಳೆ ಎಲೆಕೋಸಿನ ರಸವೂ ಆದೀತು. ಕರ್ನಾಟಕದಲ್ಲಿ ಪವಾಡ ಬಯಲು ಮಾಡುವವರು ಇಂಥದ್ದನ್ನೇ ಊರೂರಿನಲ್ಲಿ ಮಾಡಿ ತೋರಿಸುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ಹ್ಯಾಲೋವೀನ್‌ಗೆ ನಮ್ಮ ಕಡೆಯಿಂದ ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಆಟ ನನಗಂತೂ ಕಾಣುವುದಿಲ್ಲ.

ರಕ್ತದ ಅಕ್ಷರ ಬೇಕೇ? ಅರಿಶಿನವನ್ನು ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ (ಗಾಯ ಒರೆಸುವ ಸ್ಪಿರಿಟ್) ಕಲಸಿ ಬಿಳಿ ಹಾಳೆಗೆ ಬಳಿಯಿರಿ. ಹತ್ತಿರದಲ್ಲಿ ಬೆಂಕಿ ಇರಬಾರದು. ಹಾಳೆ ಒಣಗಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಮಕ್ಕಳು ಬೆರಳು ಅದ್ದಿ ಬರೆಯಲಿ. ಅಕ್ಷರ ಕಂದುಗೆಂಪಾಗಿ ಮೂಡುತ್ತದೆ, ಥೇಟ್ ಹಳೇ ರಕ್ತದ ಬಣ್ಣ. ನಿಂಬೆರಸ ತಾಗಿಸಿದರೆ ಮತ್ತೆ ಹಳದಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುತ್ತೇವಲ್ಲ, ಅದರ ಗುಟ್ಟೂ ಇದೇ. ಇದನ್ನು ವಿವರಿಸುವ ಕೆಲಸ ಅಜ್ಜಿಗೆ ಕೊಡಿ. ಅಸ್ಥಿಪಂಜರದ ಜಗಳ ಅಲ್ಲಿಗೆ ಅರ್ಧ ಮುಗಿಯುತ್ತದೆ.

ಆಮೇಲೆ ದೀಪ ಆರಿಸಿ, ನೇರಳಾತೀತ ಬೆಳಕು ಬೀರುವ ಬ್ಲ್ಯಾಕ್ ಲೈಟ್ ಹಾಕಿ. ಟಾನಿಕ್ ವಾಟರ್ ಎಂಬ ಕಹಿ ಸೋಡಾ ನೀಲಿಯಾಗಿ ಹೊಳೆಯುತ್ತದೆ. ಅದರಲ್ಲಿರುವ ಕ್ವಿನೈನ್ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿಕೊಂಡು ಕಾಣುವ ನೀಲಿ ಬೆಳಕನ್ನು ಬಿಡುತ್ತದೆ. ಕ್ವಿನೈನ್ ಅಂದರೆ ಸಿಂಕೋನಾ ಮರದ ತೊಗಟೆಯಲ್ಲಿ ಸಿಗುವ ಮಲೇರಿಯಾ ಔಷಧಿ. ಬ್ರಿಟಿಷರು ನೀಲಗಿರಿಯಲ್ಲಿ ಈ ಮರ ಬೆಳೆಸಿದ್ದರು. ವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1852ರಲ್ಲಿ ಈ ಹೊಳಪಿನ ಕಾರಣ ವಿವರಿಸಿದ್ದು ಕ್ವಿನೈನ್ ದ್ರಾವಣವನ್ನೇ ಇಟ್ಟುಕೊಂಡು. ಆಲ್ಕೋಹಾಲ್‌ನಲ್ಲಿ ಕರಗಿದ ಅರಿಶಿನವೂ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಡಿಟರ್ಜೆಂಟ್‌ನಲ್ಲಿರುವ ಹೊಳಪಿನ ಪುಡಿಯಿಂದ ಬಿಳಿ ಬಟ್ಟೆ ಕೂಡ ಹಾಗೇ. ಪಂಚೆ ಉಟ್ಟು ನಿಂತ ಅಪ್ಪನೇ ಅವತ್ತಿನ ಅಸಲಿ ದೆವ್ವ. ದುಡ್ಡು ಕೊಟ್ಟು ವೇಷ ತರುವುದೇ ಬೇಡ.

ಈಗ ಎಲ್ಲರೂ ಕಾಯುತ್ತಿರುವ ಡ್ರೈ ಐಸ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಕೇಳಿಸಿಕೊಳ್ಳಿ. ಇದು ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಕರಗಿ ನೀರಾಗುವುದಿಲ್ಲ, ನೇರವಾಗಿ ಅನಿಲವಾಗುತ್ತದೆ. ಬಿಸಿನೀರಿಗೆ ಹಾಕಿದರೆ ಬಿಳಿ ಮಂಜು ಉಕ್ಕಿ ಟೇಬಲ್ಲಿನಿಂದ ಕೆಳಗೆ ಹರಿಯುತ್ತದೆ. ಕಾಣುವ ಆ ಬಿಳಿ, ತಣ್ಣಗಾದ ನೀರಿನ ಹನಿಗಳು. ಅನಿಲ ಕಣ್ಣಿಗೆ ಕಾಣುವುದಿಲ್ಲ. ಅಪಾಯ ಇರುವುದೂ ಅಲ್ಲೇ. ಒಂದು ಕಿಲೋ ಡ್ರೈ ಐಸ್ ಸುಮಾರು 500 ಲೀಟರ್ ಅನಿಲವಾಗುತ್ತದೆ. ಅದು ಗಾಳಿಗಿಂತ ಭಾರ, ನೆಲದ ಹತ್ತಿರ ಸೇರಿಕೊಳ್ಳುತ್ತದೆ. ಅಂಬೆಗಾಲಿಡುವ ಮಗು, ನಾಯಿ, ಬೆಕ್ಕು ಇರುವುದೂ ಅದೇ ಮಟ್ಟದಲ್ಲಿ. ಹಾಗಾಗಿ ಕಿಟಕಿ ತೆರೆದಿಡಿ. ಕಾರಿನಲ್ಲಿ ತರುವಾಗಲೂ ಗಾಜು ಇಳಿಸಿ. ಬಾಟಲಿಗೆ ಹಾಕಿ ಮುಚ್ಚಳ ಬಿಗಿದರೆ ಸಿಡಿಯುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಕುಡಿಯುವ ಲೋಟಕ್ಕೆ ಒಂದು ಚೂರೂ ಬೇಡ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಸುಮ್ನೆ ಹಾಕುವವರಿದ್ದಾರೆ, ಅದು ಶುದ್ಧ ಮೂರ್ಖತನ. ಡ್ರೈ ಐಸನ್ನು ಮುಟ್ಟುವುದು ದಪ್ಪ ಗ್ಲೌಸ್ ಹಾಕಿದ ದೊಡ್ಡವರು ಮಾತ್ರ.

ಇಷ್ಟೆಲ್ಲ ಹೆದರಿಸಿದ ಮೇಲೂ ಇದನ್ನು ಮಾಡಿ ಅಂತಲೇ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಒಂದು ಅದ್ಭುತ ಆಟ ಇದೆ. ಅಗಲ ಬಾಯಿಯ ಬೋಗುಣಿಯಲ್ಲಿ ಬಿಸಿನೀರು, ಎರಡು ಮೂರು ಚೂರು ಡ್ರೈ ಐಸ್. ಸೋಪುನೀರಿನಲ್ಲಿ ಅದ್ದಿದ ಬಟ್ಟೆಪಟ್ಟಿಯನ್ನು ಬೋಗುಣಿಯ ಅಂಚಿನ ಮೇಲೆ ಮೆಲ್ಲಗೆ ಎಳೆಯಿರಿ. ತೆಳು ಪೊರೆ ಕಟ್ಟುತ್ತದೆ. ಅನಿಲ ತುಂಬಿ ಅದು ಉಬ್ಬುತ್ತಾ ಹೋಗಿ, ಒಳಗೆ ಮಂಜು ಸುತ್ತುವ ಮಾಂತ್ರಿಕನ ಗೋಳವಾಗುತ್ತದೆ. ಯಾವಾಗ ಒಡೆಯುತ್ತದೆ ಅಂತ ಮಕ್ಕಳು ಬಾಜಿ ಕಟ್ಟಲಿ.

ಹ್ಯಾಲೋವೀನ್‌ಗೆಂದು ಮುಖ ಕೆತ್ತಿದ ಕುಂಬಳಕಾಯಿಯ ಬಾಯಿಂದ ನೊರೆ ಬರಿಸುವುದು ಸುಲಭ. 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಸ್ವಲ್ಪ ಪಾತ್ರೆ ಸೋಪು, ಬೆಚ್ಚಗಿನ ನೀರಿನಲ್ಲಿ ನೆನೆಸಿದ ಯೀಸ್ಟ್ ಸಾಕು. ಯೀಸ್ಟ್‌ನಲ್ಲಿರುವ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ವಿಡಿಯೋ ನೋಡಿ 30 ಶೇಕಡಾದ್ದನ್ನು ತರಬೇಡಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ.

ಪಾರ್ಟಿ ಮುಗಿದ ಮೇಲೆ ಉಳಿದ ಡ್ರೈ ಐಸನ್ನು ಸಿಂಕಿಗೆ ಸುರಿಯಬೇಡಿ, ಸಿಂಕು ಬಿರುಕು ಬಿಡಬಹುದು. ಹೊರಗೆ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟರೆ ತಾನೇ ಹೋಗುತ್ತದೆ. ಬಟ್ಟೆಗೆ ಅರಿಶಿನದ ಕಲೆ ಗ್ಯಾರಂಟಿ. ಒಗೆದು ಬಿಸಿಲಿಗೆ ಹಾಕಿ, ಬೆಳಕಿಗೆ ಅರಿಶಿನದ ಬಣ್ಣ ಮಾಸುತ್ತದೆ. ಕಾರ್ಪೆಟ್‌ಗೆ ಬಿದ್ದರೆ ಮಾತ್ರ ನನ್ನನ್ನು ಕೇಳಬೇಡಿ, ಮೊದಲೇ ಹಳೇ ಬೆಡ್‌ಶೀಟ್ ಹಾಸಿಕೊಳ್ಳಿ.