ಕರುಳಿನ ಪರೀಕ್ಷೆಗೆ ಕಾಯುವ ದಿನಗಳು

ಎಲ್ಲರಿಗೂ ನಮಸ್ಕಾರ.

ನಾಲ್ಕು ಜನರೆದುರು ಯಾರೂ ಎತ್ತದ ವಿಷಯ ಇದು. ಮಲದಲ್ಲಿ ರಕ್ತ, ವಾರಗಟ್ಟಲೆ ನಿಲ್ಲದ ಬೇಧಿ, ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸುವುದು, ಕಾರಣವಿಲ್ಲದೆ ಇಳಿಯುವ ತೂಕ. ವೈದ್ಯರಿಗೆ ತೋರಿಸಿದ್ದೀರಿ, ಅವರು ಕೊಲೊನೊಸ್ಕೋಪಿಗೆ, ಅಂದರೆ ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡಕರುಳು ನೋಡುವ ಪರೀಕ್ಷೆಗೆ, ಬರೆದುಕೊಟ್ಟಿದ್ದಾರೆ, ದಿನಾಂಕ ಸಿಕ್ಕಿರುವುದು ಎರಡು ಮೂರು ವಾರದ ಆಚೆಗೆ. ಆ ನಡುವಿನ ದಿನಗಳ ಬಗ್ಗೆ ಮಾತ್ರ ಇವತ್ತಿನ ಮಾತು.

ಆ ದಿನಗಳಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಮೆಡಿಕಲ್ ಶಾಪಿನಿಂದ ಒಂದು ಸ್ಟ್ರಿಪ್ ಆಂಟಿಬಯೋಟಿಕ್, ಪಕ್ಕದ ಮನೆಯವರು ಹೇಳಿದ ಮೂಲವ್ಯಾಧಿ ಪುಡಿ, ಯೂಟ್ಯೂಬ್ ನೋಡಿ ಗೋಧಿ ಬಿಡುವುದು, ಹೀಗೆ ಏನಾದರೊಂದು ನಡೆಯುತ್ತದೆ. ಇವುಗಳಲ್ಲಿ ಹಲವು, ಪರೀಕ್ಷೆಯಲ್ಲಿ ಸಿಗಬೇಕಾದ ಸುಳಿವನ್ನೇ ಅಳಿಸಿಬಿಡುತ್ತವೆ. ಕಾಯುವಾಗ ಏನು ಮಾಡಬೇಕು ಅನ್ನುವುದಕ್ಕಿಂತ ಏನನ್ನು ಕೆಡಿಸಬಾರದು ಅನ್ನುವುದೇ ದೊಡ್ಡದು.

ಅದಕ್ಕೂ ಮುಂಚೆ, ಕಾಯಲೇಬಾರದವರು ಯಾರು? ಬಟ್ಟಲುಗಟ್ಟಲೆ ರಕ್ತ ಹೋದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಹೊಟ್ಟೆ ಉಬ್ಬಿ ಗ್ಯಾಸೂ ಹೋಗದೆ ವಾಂತಿ ಶುರುವಾದರೆ, ಜ್ವರದ ಜೊತೆ ಹೊಟ್ಟೆ ಮುಟ್ಟಲಾಗದಷ್ಟು ನೋವಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿ. ಒಳಗಿನ ತೋಟದಲ್ಲಿದ್ದರೆ ಆಂಬುಲೆನ್ಸ್ ಬರುವ ದಾರಿಯವರೆಗೆ ಜೀಪಿನಲ್ಲಿ ತಂದು ಕೂರಿಸಿಕೊಂಡಿರಿ. ಮಲ ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ನಾತ ಬಂದರೆ ಅದೂ ರಕ್ತವೇ, ಹೊಟ್ಟೆಯ ಮೇಲ್ಭಾಗದಿಂದ ಬಂದದ್ದು. ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದು ಅಂಟುವುದಿಲ್ಲ, ಆ ನಾತವೂ ಇರುವುದಿಲ್ಲ. ಬೀಟ್‌ರೂಟ್ ತಿಂದ ಮರುದಿನ ಕೆಂಪು ಕಂಡು ಗಾಬರಿಯಾಗುವವರೂ ಇದ್ದಾರೆ. ಹಿಂದಿನ ದಿನ ಏನು ತಿಂದಿರಿ, ನೆನಪಿಸಿಕೊಳ್ಳಿ.

ಈಗ ಮೂಲವ್ಯಾಧಿಯ ವಿಚಾರ. ರಕ್ತ ಕಂಡ ತಕ್ಷಣ "ಪೈಲ್ಸ್ ಅಷ್ಟೇ, ಉಷ್ಣ" ಅನ್ನುವುದು ನಮ್ಮ ರೂಢಿ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಪೈಲ್ಸ್ ಇದ್ದವರಿಗೆ ಕರುಳಿನಲ್ಲಿ ಗಡ್ಡೆ ಇರಬಾರದು ಅಂತ ನಿಯಮವೇನೂ ಇಲ್ಲ. ಗುದದ್ವಾರವನ್ನು ಬೆರಳಿನಿಂದ ಪರೀಕ್ಷಿಸದೆ ಯಾರಾದರೂ ಮೂಲವ್ಯಾಧಿ ಅಂದರೆ ಅದು ಊಹೆ, ರೋಗನಿರ್ಣಯವಲ್ಲ. ಎರಡು ನಿಮಿಷದ ಕೆಲಸ ಅದು. ನಾಚಿಕೆಯಿಂದ ಬೇಡ ಅನ್ನಬೇಡಿ.

ಸುಳಿವು ಅಳಿಸುವ ವಿಷಯಕ್ಕೆ ಬರೋಣ. ಆಂಟಿಬಯೋಟಿಕ್ ನುಂಗಿದ ಮೇಲೆ ಮಲ ಪರೀಕ್ಷೆ ಮಾಡಿಸಿದರೆ ರೋಗಾಣು ಕಾಣದೇ ಹೋಗಬಹುದು. ಹಾಗಾಗಿ ಮೊದಲು ಸ್ಯಾಂಪಲ್, ಆಮೇಲೆ ಔಷಧಿ. ಅಮೀಬಾ, ಹುಳುಗಳ ಮೊಟ್ಟೆ ದಿನಾ ಹೊರಬೀಳುವುದಿಲ್ಲ, ಅದಕ್ಕೇ ಬೇರೆ ಬೇರೆ ದಿನ ಮೂರು ಸ್ಯಾಂಪಲ್ ಕೇಳುತ್ತಾರೆ. ಓಡಾಡುವ ಅಮೀಬಾ ಕಾಣಬೇಕಾದರೆ ಬೇಧಿ ಸ್ಯಾಂಪಲ್ ಅರ್ಧ ಗಂಟೆಯೊಳಗೆ ಮೈಕ್ರೋಸ್ಕೋಪಿನ ಕೆಳಗೆ ಹೋಗಬೇಕು. ಮನೆಯಲ್ಲಿ ಹಿಡಿದು ಬಸ್ಸಿನಲ್ಲಿ ತಂದರೆ ಪ್ರಯೋಜನವಿಲ್ಲ, ಲ್ಯಾಬಿನಲ್ಲೇ ಕೊಡಿ. ಮೂತ್ರ, ನೀರು ಸೇರದಂತೆ ಒಣ ಡಬ್ಬಿಯಲ್ಲಿ ಹಿಡಿಯಿರಿ. ಮೈಕೈ ನೋವಿಗೆ ತಿನ್ನುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕರುಳಿನ ಒಳಪೊರೆಯನ್ನು ಕೆರಳಿಸುತ್ತವೆ, ಕರುಳಿನ ಉರಿಯೂತ ತೋರಿಸುವ ಕ್ಯಾಲ್‌ಪ್ರೊಟೆಕ್ಟಿನ್ ಅಂಶವನ್ನೂ ಸುಳ್ಳೇ ಏರಿಸಬಲ್ಲವು. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಕರುಳಿನ ಕ್ಷಯ ಮತ್ತು ಕರುಳಿನಲ್ಲಿ ದೀರ್ಘಕಾಲ ಉರಿಯೂತ ತರುವ ಕ್ರೋನ್ಸ್ ಕಾಯಿಲೆ ನೋಡಲು ಒಂದೇ ರೀತಿ. ಬಯಾಪ್ಸಿಗೆ (ಕರುಳಿನ ಚೂರು ತೆಗೆದು ಪರೀಕ್ಷಿಸುವುದಕ್ಕೆ) ಮುಂಚೆ ಸ್ಟೀರಾಯ್ಡ್ ಅಥವಾ ಕ್ಷಯದ ಮಾತ್ರೆ ಶುರುವಾದರೆ ಚಿತ್ರ ಕಲಸಿಹೋಗುತ್ತದೆ. ಕ್ಷಯ ಇದ್ದವರಿಗೆ ಬರೀ ಸ್ಟೀರಾಯ್ಡ್ ಕೊಟ್ಟರೆ ಅಪಾಯವೂ ಹೌದು.

ಗೋಧಿಯ ಮಾತು ಕೊಡಗಿನವರಿಗೆ ವಿಶೇಷವಾಗಿ ಹೇಳಬೇಕು. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಸರಿಯಾಗಿ ಬರಬೇಕಾದರೆ ಅದಕ್ಕೆ ಮುಂಚೆ ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಗೋಧಿ ತಿಂದಿರಬೇಕು. ನಮ್ಮಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ, ನೂಪುಟ್ಟು, ಮಧ್ಯಾಹ್ನ ಅನ್ನ, ವಿಶೇಷಕ್ಕೆ ಕಡಂಬುಟ್ಟು. ಎಲ್ಲವೂ ಅಕ್ಕಿ! ತಿಂಗಳಿಗೊಮ್ಮೆ ಚಪಾತಿ ತಿನ್ನುವವರ ವರದಿ ನೆಗೆಟಿವ್ ಬಂದರೆ ಅದಕ್ಕೆ ಅರ್ಥವಿಲ್ಲ. ವೈದ್ಯರು ಈ ಪರೀಕ್ಷೆ ಬರೆದಿದ್ದರೆ, ನೀವು ತಿನ್ನುವುದು ಏನು ಅಂತ ಮೊದಲೇ ಹೇಳಿ.

ರಕ್ತಹೀನತೆಯದ್ದು ಇನ್ನೊಂದು ಕಥೆ. ತೋಟದಲ್ಲಿ ಬರಿಗಾಲಿನಲ್ಲಿ ಓಡಾಡುವವರ ಪಾದದ ಚರ್ಮದ ಮೂಲಕ ಕೊಕ್ಕೆಹುಳು ಒಳಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಲದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಹಿಮೋಗ್ಲೋಬಿನ್ ಮಾತ್ರ ಇಳಿಯುತ್ತಲೇ ಇರುತ್ತದೆ. ಆಲ್ಬೆಂಡಜೋಲ್ 400 ಮಿ.ಗ್ರಾಂ. ಕೊಟ್ಟು, ಟಾನಿಕ್ ಕೊಟ್ಟು ಕಳುಹಿಸುವುದು ವಾಡಿಕೆ. ಕೊಡಲಿ, ತಪ್ಪಿಲ್ಲ. ಆದರೆ ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆ ಕಂಡರೆ ಅಷ್ಟಕ್ಕೇ ನಿಲ್ಲಿಸುವಂತಿಲ್ಲ. ರಕ್ತ ಎಲ್ಲಿ ಸೋರುತ್ತಿದೆ ಅಂತ ಜಠರ, ಕರುಳು ಎರಡನ್ನೂ ನೋಡಬೇಕಾಗುತ್ತದೆ. ಟಾನಿಕ್ ಕುಡಿದು ಮುಖಕ್ಕೆ ಕೆಂಪು ಬಂತು ಅಂತ ದಿನಾಂಕ ರದ್ದು ಮಾಡಬೇಡಿ.

ಒಂದು ಸಣ್ಣ ಪುಸ್ತಕ ಇಡಿ. ದಿನ, ಹೊತ್ತು, ಮಲದ ರೂಪ, ರಕ್ತ ಅಥವಾ ಲೋಳೆ, ನೋವು, ತಿಂದದ್ದು, ನುಂಗಿದ ಮಾತ್ರೆ. ರೂಪಕ್ಕೆ ಬ್ರಿಸ್ಟಲ್ ಪಟ್ಟಿಯ ಏಳು ಅಂಕಿಗಳು ಸಾಕು: 1 ಅಂದರೆ ಗಟ್ಟಿ ಬಿಡಿ ಉಂಡೆಗಳು, 4 ಮೆತ್ತಗೆ ನುಣುಪು, 7 ಪೂರ್ತಿ ನೀರು. ರಕ್ತ ಮಲದೊಳಗೆ ಬೆರೆತಿತ್ತೋ, ಕೊನೆಗೆ ತೊಟ್ಟಿಕ್ಕಿತೋ ಬರೆಯಿರಿ. ರಾತ್ರಿ ನಿದ್ದೆಯಿಂದ ಎಬ್ಬಿಸಿದ ಬೇಧಿಗೆ ಗೆರೆ ಎಳೆಯಿರಿ, ಅದಕ್ಕೆ ತೂಕ ಹೆಚ್ಚು. ಕೆಂಪು ಕಂಡರೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ವೈದ್ಯರಿಗೆ ಅಸಹ್ಯವಿಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಯಾವ ವಯಸ್ಸಿನಲ್ಲಿ ಅನ್ನುವುದೂ ಮೊದಲ ಪುಟದಲ್ಲೇ ಇರಲಿ.

ಬೇಧಿ ಜಾಸ್ತಿ ಇದ್ದರೆ ಓಆರ್‌ಎಸ್. ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರು, ಅದಕ್ಕಿಂತ ಕಡಿಮೆ ಬೇಡ. ಗಟ್ಟಿಯಾಗಿ ಕಲಸಿದರೆ ಬೇಧಿ ಹೆಚ್ಚುತ್ತದೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 24 ಗಂಟೆಯಾದ ಮೇಲೆ ಚೆಲ್ಲಿಬಿಡಿ. ರಕ್ತ ಅಥವಾ ಜ್ವರ ಇದ್ದಾಗ ಬೇಧಿ ನಿಲ್ಲಿಸುವ ಲೋಪೆರಮೈಡ್ ಮುಟ್ಟಬೇಡಿ. ಮಲಬದ್ಧತೆಗೆ ಇಸಬಗೋಲ್ ಒಂದೆರಡು ಚಮಚ, ಜೊತೆಗೆ ತುಂಬಿದ ದೊಡ್ಡ ಲೋಟ ನೀರು. ಉಂಡ ಮೇಲೆ ಹೊಟ್ಟೆ ಉಬ್ಬಿ ನುಲಿದು ವಾಂತಿಯಾಗುತ್ತಿದ್ದರೆ ಕರುಳು ಎಲ್ಲಾದರೂ ಸಣ್ಣದಾಗಿರಬಹುದು. ಅಂಥವರಿಗೆ ಇಸಬಗೋಲೂ ಬೇಡ, ಮಳೆಗಾಲದ ಕಣಿಲೆ, ಅಣಬೆ, ಹಲಸಿನಂಥ ನಾರೂ ಬೇಡ, ಸಿಕ್ಕಿಹಾಕಿಕೊಳ್ಳುತ್ತದೆ.

ಕಾಫಿ ಬಿಡಿ ಅಂತ ಕೊಡಗಿನಲ್ಲಿ ಹೇಳುವ ಧೈರ್ಯ ನಮಗಿಲ್ಲ. ಕಾಫಿ ಕುಡಿದ ಕೆಲವೇ ನಿಮಿಷದಲ್ಲಿ ದೊಡ್ಡಕರುಳು ಚುರುಕಾಗುವುದು ಹಲವರಲ್ಲಿ ಸಹಜ. ತೊಂದರೆ ಕಾಫಿಯದ್ದೋ ಹಾಲಿನದ್ದೋ ತಿಳಿಯಬೇಕಾದರೆ ಎರಡು ವಾರ ಹಾಲು ಬಿಟ್ಟು ಬೆಲ್ಲದ ಕರಿಕಾಫಿ ಕುಡಿದು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪಂದಿಕರಿ, ಕಾಚಂಪುಳಿಯಿಂದ ಈ ರೋಗಗಳು ಬರುವುದಿಲ್ಲ, ಆದರೆ ಕೊಬ್ಬು ಜಾಸ್ತಿಯಾದ ದಿನ ಬೇಧಿ ಹೆಚ್ಚಬಹುದು.

ಕೊಲೊನೊಸ್ಕೋಪಿ ಕೆಡುವುದು ಹೆಚ್ಚಾಗಿ ತಯಾರಿಯಲ್ಲಿ. ಮೂರು ದಿನ ಮುಂಚೆಯೇ ಸೊಪ್ಪು, ಸೀಬೆ, ಟೊಮೆಟೊ, ಎಳ್ಳು ನಿಲ್ಲಿಸಿ, ಅವುಗಳ ಬೀಜಗಳು ಪರೀಕ್ಷೆಯ ಕೊಳವೆಯನ್ನು ಕಟ್ಟುತ್ತವೆ. ಬಿಳಿ ಅನ್ನ, ನೂಪುಟ್ಟು, ಮೊಟ್ಟೆ, ಮೀನು ಆಗಬಹುದು. ಕಬ್ಬಿಣಾಂಶದ ಮಾತ್ರೆ ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್ ವಿಷಯದಲ್ಲಿ ಮಾತ್ರ ನಿಮ್ಮ ವೈದ್ಯರನ್ನು ಕೇಳದೆ ಏನೂ ಮಾಡಬೇಡಿ. ಹಿಂದಿನ ದಿನ ಎಳನೀರು, ಕರಿಕಾಫಿ, ಸೋಸಿದ ತಿಳಿ ಸೂಪು. ಪುನರ್ಪುಳಿ ಶರಬತ್ತು ಬೇಡ, ಅದರ ಕೆಂಪು ಒಳಗೆ ರಕ್ತದಂತೆ ಕಾಣುತ್ತದೆ. ಕರುಳು ತೊಳೆಯುವ ಪುಡಿ ಕಲಸಿದ ನೀರು ಸಾಮಾನ್ಯವಾಗಿ ಎರಡು ಲೀಟರ್: ಒಂದು ಹಿಂದಿನ ಸಂಜೆ, ಇನ್ನೊಂದು ಪರೀಕ್ಷೆಗೆ ಐದಾರು ಗಂಟೆ ಮುಂಚೆ, ಕಾಲು ಗಂಟೆಗೊಂದು ಲೋಟ. ನಿಮ್ಮ ಆಸ್ಪತ್ರೆಯ ಚೀಟಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು. ಇನ್ನೂ ಕಂದು ಇದ್ದರೆ ಮುಚ್ಚಿಡದೆ ನರ್ಸ್‌ಗೆ ಹೇಳಿ.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಎರಡನೇ ಲೀಟರ್ ಮನೆಯಲ್ಲಿ ಕುಡಿದು ಬಸ್ ಹತ್ತುವುದು ಆಗದ ಮಾತು. ಮಧ್ಯಾಹ್ನದ ಸಮಯ ಕೇಳಿ, ಇಲ್ಲವಾದರೆ ಹಿಂದಿನ ರಾತ್ರಿ ಅಲ್ಲೇ ಉಳಿಯಿರಿ. ಮಂಗಳೂರಿನ ದಿನಾಂಕ ಆಟಿ ತಿಂಗಳ ಮಳೆಯಲ್ಲಿ ಬಿದ್ದರೆ ರಸ್ತೆ ತೆರೆದಿದೆಯೇ ವಿಚಾರಿಸಿಕೊಂಡು ಹೊರಡಿ. 2018ರ ಆಗಸ್ಟ್‌ನಲ್ಲಿ ಸಂಪಾಜೆ ರಸ್ತೆ ಕುಸಿದದ್ದು ಯಾರಿಗೂ ಮರೆತಿಲ್ಲ. ಮಂಪರು ಕೊಟ್ಟ ಮೇಲೆ 24 ಗಂಟೆ ವಾಹನ ಓಡಿಸುವಂತಿಲ್ಲ, ಜೊತೆಗೊಬ್ಬರು ಇರಲೇಬೇಕು.

ಇನ್ನು ಹೆದರಿಕೆ. ಆತಂಕದಿಂದ ಬೇಧಿಯಾಗುತ್ತದೆ, ನಿಜ. ಆತಂಕದಿಂದ ರಕ್ತ ಬರುವುದಿಲ್ಲ. ಹಾಗಾಗಿ ಯಾರಾದರೂ "ಎಲ್ಲ ಟೆನ್ಷನ್" ಅಂದರೂ ಪರೀಕ್ಷೆ ಬಿಡಬೇಡಿ. ರಾತ್ರಿ ಹತ್ತರ ಮೇಲೆ ಮೊಬೈಲಿನಲ್ಲಿ ರೋಗ ಹುಡುಕಬೇಡಿ. ಹುಟ್ಟುವ ಪ್ರಶ್ನೆಗಳನ್ನು ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಬರೆದು ವೈದ್ಯರ ಮುಂದಿಡಿ. ಮನೆಯಲ್ಲಿ ಎಲ್ಲರಿಗೂ ಹೇಳಬೇಕೆಂದಿಲ್ಲ, ಒಬ್ಬರಿಗಾದರೂ ಗೊತ್ತಿರಲಿ. ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಬೇಕು, ಎರಡು ಮೂರು ವಾರ ಕಾದದ್ದರಿಂದ ಕೆಡುವುದು ಅಪರೂಪ. ಕೆಡುವುದು, ಪುತ್ತರಿ ಮುಗಿಯಲಿ, ಕಾಫಿ ಕೊಯ್ಲು ಮುಗಿಯಲಿ, ಕರಿಮೆಣಸು ಮುಗಿಯಲಿ ಅಂತ ಮುಂದೂಡುವುದರಿಂದ.

ಬಯಾಪ್ಸಿ ತೆಗೆದಿದ್ದರೆ ವರದಿಗೆ ಒಂದು ವಾರ ಹಿಡಿಯಬಹುದು. ಯಾವ ದಿನ, ಯಾರನ್ನು ಕೇಳಬೇಕು ಅಂತ ಹೊರಡುವ ಮುಂಚೆಯೇ ಬರೆಸಿಕೊಳ್ಳಿ. "ಫೋನ್ ಬರಲಿಲ್ಲ, ಹಾಗಾದರೆ ಏನೂ ಇಲ್ಲ" ಅಂದುಕೊಳ್ಳಬೇಡಿ.

ಈಗ ನಿಮ್ಮ ಪ್ರಶ್ನೆಗಳು. ಎಲ್ಲರೆದುರು ಕೇಳಲು ಮುಜುಗರವಾದರೆ ಹೆಸರಿಲ್ಲದ ಚೀಟಿಯಲ್ಲಿ ಬರೆದು ಕಳುಹಿಸಿ.