ಗಾಳಿ ಗನ್ನೋ, ರಬ್ಬರ್ ಗನ್ನೋ?

ಕೇಳುಗರಿಗೆ ನಮಸ್ಕಾರ. ಉಸಿರು ಬಿಗಿಹಿಡಿದು ಮುಳುಗಿ, ನೀರಿನೊಳಗೆ ಈಟಿಯಿಂದ ಮೀನು ಹೊಡೆಯುವ ಹವ್ಯಾಸಕ್ಕೆ ಹೊಸದಾಗಿ ಇಳಿದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಇದು. ಯಾವ ಸ್ಪಿಯರ್‌ಗನ್ ಜೋರಾಗಿ ಹೊಡೆಯುತ್ತದೆ? ರಬ್ಬರ್ ಬ್ಯಾಂಡಿನದ್ದೋ, ಗಾಳಿಯದ್ದೋ? ನನ್ನನ್ನು ಕೇಳಿದರೆ ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ ಅನ್ನುತ್ತೇನೆ. ಎರಡು ಮೂರು ಮೀಟರ್ ದೂರದ ಸಾಧಾರಣ ಮೀನಿಗೆ ಎರಡರ ಪೆಟ್ಟೂ ಧಾರಾಳ ಸಾಕು. ಕೇಳಬೇಕಾದ್ದು ಬೇರೆ ಇದೆ. ಕಾಲಿಗೆ ನೆಲ ಸಿಗದ ಕಡೆ, ಅಲೆಯ ಮೇಲೆ ತೇಲುತ್ತಾ, ಇದನ್ನು ದಿನವಿಡೀ ಮತ್ತೆ ಮತ್ತೆ ಲೋಡ್ ಮಾಡಲು ನಿಮ್ಮಿಂದ ಆಗುತ್ತಾ? ದಡಕ್ಕೆ ಬಂದ ಮೇಲೆ ಇದರ ಆರೈಕೆ ಮಾಡುವ ತಾಳ್ಮೆ ಇದೆಯಾ?

ಮೊದಲು ರಬ್ಬರ್ ಗನ್. ಇದು ನಾವು ಹುಡುಗರಾಗಿದ್ದಾಗ ಆಡಿದ ಚಾಟರಬಿಲ್ಲಿನ ಲೆಕ್ಕವೇ. ಉದ್ದನೆಯ ಕೊಳವೆ, ಅದರ ಮೇಲೆ ಉಕ್ಕಿನ ಈಟಿ, ಮೂತಿಯಲ್ಲಿ ಲ್ಯಾಟೆಕ್ಸ್ ರಬ್ಬರ್. ಈ ರಬ್ಬರ್ ಹೆಚ್ಚಾಗಿ 14ರಿಂದ 20 ಮಿಲಿಮೀಟರ್ ದಪ್ಪ ಇರುತ್ತದೆ. ಇದನ್ನು ಹಿಂದಕ್ಕೆ ಎಳೆದು, ಅದರ ಕೊಂಡಿಯನ್ನು ಈಟಿಯ ಕಚ್ಚಿಗೆ ಸಿಕ್ಕಿಸಬೇಕು. ಅಷ್ಟೇ.

ಕೇಳಲು ಸುಲಭ. ಮಾಡಿ ನೋಡಿದಾಗ ಗೊತ್ತಾಗುತ್ತದೆ. ಗನ್ನಿನ ಹಿಂಬದಿಯನ್ನು ಎದೆಯ ನಡುವಿನ ಮೂಳೆಗೆ ಒತ್ತಿಕೊಂಡು, ಎರಡೂ ಕೈ ಚಾಚಿ, ರಬ್ಬರನ್ನು ಹಿಡಿದು ಒಂದೇ ದಮ್ಮಿಗೆ ಎಳೆಯಬೇಕು. ಮೊದಲಿಗೆ ಹಗುರ. ಎಳೆದಷ್ಟೂ ಭಾರ. ಕೊನೆಯ ಒಂದು ಗೇಣು ಇದೆಯಲ್ಲ, ಅಲ್ಲೇ ಕೈ ನಡುಗುವುದು. ಮುಳುಗುವಾಗ ತೊಡುವ ವೆಟ್‌ಸೂಟಿನ ಎದೆಯ ಮೇಲೆ ದಪ್ಪನೆಯ ಪ್ಯಾಡ್ ಇಡುವುದು ಇದಕ್ಕೇ. ಪ್ಯಾಡ್ ಇಲ್ಲದೆ ಒಂದು ದಿನ ಲೋಡ್ ಮಾಡಿದರೆ ಮರುದಿನ ಎದೆ ಕಂದಿರುತ್ತದೆ. ತೋಳು ಗಿಡ್ಡ ಇರುವವರಿಗೆ 110 ಸೆಂಟಿಮೀಟರಿನ ಗನ್ನಿನಲ್ಲಿ ರಬ್ಬರೇ ಸರಿಯಾಗಿ ಎಟುಕುವುದಿಲ್ಲ. ಅಂಥವರು ಮೊದಲು ಸೊಂಟಕ್ಕೆ ಆನಿಸಿ ಅರ್ಧ ಎಳೆದು, ಆಮೇಲೆ ಎದೆಗೆ ಆನಿಸಿ ಮಿಕ್ಕಿದ್ದನ್ನು ಎಳೆಯುತ್ತಾರೆ.

ಆದರೆ ರಬ್ಬರ್ ಗನ್ನಿಗೆ ಒಂದು ದೊಡ್ಡ ಗುಣ ಇದೆ. ಒಂದು ದಪ್ಪ ರಬ್ಬರಿನ ಬದಲು ಎರಡು ತೆಳು ರಬ್ಬರ್ ಹಾಕಿಕೊಳ್ಳಬಹುದು. ಒಂದನ್ನು ಎಳೆದು ಸಿಕ್ಕಿಸಿ, ಉಸಿರು ಬಿಟ್ಟು, ಆಮೇಲೆ ಇನ್ನೊಂದು. ಭಾರ ಎರಡು ಕಂತಾಯಿತು. ಗಾಳಿ ಗನ್ನಿನಲ್ಲಿ ಈ ಕಂತಿನ ಸೌಲಭ್ಯ ಇಲ್ಲ.

ಈಗ ಗಾಳಿ ಗನ್ನಿಗೆ ಬರೋಣ. ಹೊರಗಿನ ದಪ್ಪ ಕೊಳವೆಯಲ್ಲಿ ಗಾಳಿ, ಒಳಗೊಂದು ಸಣ್ಣ ಕೊಳವೆ, ಅದರೊಳಗೆ ಜಾರುವ ಪಿಸ್ಟನ್. ಕೈಪಂಪಿನಿಂದ ಸುಮಾರು 20 ಬಾರ್ ಒತ್ತಡ ಬರುವವರೆಗೆ ಗಾಳಿ ಹೊಡೆದಿರುತ್ತಾರೆ. ಒಂದು ಸಲ ಹೊಡೆದರೆ ಪ್ರತಿ ಗುರಿಗೂ ಮತ್ತೆ ಹೊಡೆಯಬೇಕಿಲ್ಲ. ಗಾಳಿ ಹೊರಗೆ ಹೋಗುವುದೇ ಇಲ್ಲ. ಅದು ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಅಷ್ಟೇ. ಈಟಿಯನ್ನು ಮೂತಿಯಿಂದ ಒಳಕ್ಕೆ ತಳ್ಳಿದರೆ ಪಿಸ್ಟನ್ ಹಿಂದೆ ಹೋಗಿ ಟ್ರಿಗರ್‌ಗೆ ಸಿಕ್ಕಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ. ಒಳಕೊಳವೆ 13 ಮಿಲಿಮೀಟರ್ ಅಗಲವಿದ್ದು ಒತ್ತಡ 20 ಬಾರ್ ಇದ್ದರೆ, ಈಟಿಯನ್ನು ತಳ್ಳಲು ಸುಮಾರು 27 ಕಿಲೋ ಭಾರದಷ್ಟು ಬಲ ಬೇಕು. 11 ಮಿಲಿಮೀಟರ್ ಆದರೆ 19 ಕಿಲೋ ಸಾಕು. ಈ ಭಾರ ಮೊದಲ ಇಂಚಿನಿಂದಲೇ ಕೈಗೆ ಬೀಳುತ್ತದೆ. ಈಟಿ ಒಳಗೆ ಹೋದಂತೆ ಇನ್ನಷ್ಟು ಏರುತ್ತದೆ.

ತಳ್ಳುವ ರೀತಿಯಲ್ಲೇ ಒಂದು ಅಪಾಯವೂ ಇದೆ. ಗನ್ನಿನ ಹಿಂಬದಿ ತೊಡೆಗೋ ಪಾದಕ್ಕೋ ಆನಿಸಿರುತ್ತದೆ. ಈಟಿಯ ಮೊನೆ ನಿಮ್ಮ ಮುಖದ ಕಡೆಗೇ ಎದ್ದಿರುತ್ತದೆ. ಮೊನೆಗೆ ಲೋಡರ್ ಅನ್ನುವ ಹಿಡಿಕೆ ಸಿಕ್ಕಿಸದೆ ತಳ್ಳಲೇಬಾರದು. ತಳ್ಳುವಾಗ ತಲೆ ಪಕ್ಕಕ್ಕೆ ಇರಬೇಕು. ಕೈ ಜಾರಿದರೆ ಈಟಿ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ವಾರೆಯಾಗಿ ತಳ್ಳಿದರೆ ಈಟಿ ಬಾಗುತ್ತದೆ, ಅದೂ ತಪ್ಪದ ತೊಂದರೆ. ರಬ್ಬರ್ ಗನ್ನಿನಲ್ಲಿ ಮೊನೆ ಸದಾ ಆಚೆ ಮುಖ ಮಾಡಿರುತ್ತದೆ. ಕಲಿಯುವವರಿಗೆ ನಾನು ರಬ್ಬರನ್ನೇ ಹೇಳಲು ಇದೊಂದೇ ಕಾರಣ ಸಾಕು.

ಹಾಗಾದರೆ ಗಾಳಿ ಗನ್ ಯಾರಿಗೆ? ಬಂಡೆಯ ಬಿಲಗಳಲ್ಲಿ, ಕದಡಿದ ನೀರಿನಲ್ಲಿ ಹುಡುಕುವವರಿಗೆ. ಕೈ ಚಾಚಿದಷ್ಟೇ ದೂರ ಕಾಣುವ ಮಬ್ಬು ನೀರಿನಲ್ಲಿ ಉದ್ದನೆಯ ಗನ್ ಹಿಡಿದು ಏನು ಮಾಡುತ್ತೀರಿ? ತಿರುಗಿಸಲೂ ಜಾಗ ಇರುವುದಿಲ್ಲ. ಗಾಳಿ ಗನ್ ಗಿಡ್ಡ ಇದ್ದರೂ ಪೆಟ್ಟು ಬಲವಾಗಿರುತ್ತದೆ. ಅದೇ ಅಳತೆಯ ರಬ್ಬರ್ ಗನ್ನಿನಲ್ಲಿ ರಬ್ಬರ್ ಹಿಗ್ಗಲು ಜಾಗವೇ ಕಡಿಮೆ. ಇಲ್ಲಿ ಗಾಳಿಯದ್ದೇ ಗೆಲುವು, ಎರಡು ಮಾತಿಲ್ಲ. ಕೆಲವು ಮಾದರಿಗಳಲ್ಲಿ ಪೆಟ್ಟು ಕಡಿಮೆ ಮಾಡುವ ಸ್ವಿಚ್ ಕೂಡ ಇದೆ. ಬಂಡೆಗೆ ಒರಗಿದ ಮೀನಿಗೆ ಪೂರ್ತಿ ಬಲದಲ್ಲಿ ಹೊಡೆದರೆ ಮೊನೆ ಮುರಿಯುತ್ತದೆ, ಅಲ್ವಾ?

ತಿಳಿನೀರಿನಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಅಲ್ಲಿ ಮೀನು ದೂರದಲ್ಲಿ ನಿಂತು ನಿಮ್ಮನ್ನು ನೋಡುತ್ತಿರುತ್ತದೆ. ಉದ್ದನೆಯ ರಬ್ಬರ್ ಗನ್ನಿನಲ್ಲಿ ಈಟಿ ಕಣ್ಣೆದುರಿಗೇ, ಕೊಳವೆಯ ಮೇಲೆ ಮಲಗಿರುತ್ತದೆ. ಅದರ ಗುಂಟ ನೋಡಿದರೆ ಗುರಿ ಸಿಗುತ್ತದೆ. ಗಾಳಿ ಗನ್ನಿನ ಈಟಿ ದಪ್ಪ ಕೊಳವೆಯ ನಡುವಿನಿಂದ ಹೊರಡುತ್ತದೆ. ನೀವು ನೋಡುವುದು ಕೊಳವೆಯ ಮೇಲಿನಿಂದ. ಈ ವ್ಯತ್ಯಾಸಕ್ಕೆ ಕಣ್ಣು ಹೊಂದಿಕೊಳ್ಳುವವರೆಗೆ ಈಟಿ ಮೀನಿನ ಕೆಳಗೇ ಹೋಗುತ್ತಿರುತ್ತದೆ. ಜೊತೆಗೆ ಪಿಸ್ಟನ್ ಮೂತಿಗೆ ಬಡಿದು ಟಕ್ ಅನ್ನುತ್ತದೆ. ಪಕ್ಕದ ಮೀನುಗಳು ಅದನ್ನು ಕೇಳದೆ ಇರುತ್ತವೆಯೇ?

ಆಳದ ವಿಷಯ ಬೇಗ ಮುಗಿಸಿಬಿಡುತ್ತೇನೆ. ಹತ್ತು ಮೀಟರ್ ಇಳಿದಂತೆಲ್ಲ ನೀರಿನ ಒತ್ತಡ ಸುಮಾರು 1 ಬಾರ್ ಏರುತ್ತದೆ. ಅದು ಪಿಸ್ಟನ್ನಿಗೆ ಎದುರಾಗಿ ಒತ್ತುತ್ತದೆ. 20 ಬಾರಿನ ಗನ್ 20 ಮೀಟರ್ ಆಳದಲ್ಲಿ ಹತ್ತರಲ್ಲಿ ಒಂದು ಪಾಲು ಬಲ ಕಳೆದುಕೊಳ್ಳುತ್ತದೆ. ರಬ್ಬರಿಗೆ ಈ ತಂಟೆ ಇಲ್ಲ.

ಇನ್ನು ಆರೈಕೆ. ರಬ್ಬರಿನ ಶತ್ರು ಬಿಸಿಲು. ಬೆರಳುಗಳ ನಡುವೆ ಬಗ್ಗಿಸಿ ನೋಡಿ. ಕೊಂಡಿ ಕಟ್ಟಿದ ಜಾಗದಲ್ಲಿ, ಮೂತಿಗೆ ತಾಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಬಿಸಾಡಿ, ಹೊಸದು ಹಾಕಿ. ಅರ್ಧ ನಿಮಿಷದ ಕೆಲಸ. ಇನ್ನೊಂದು ಜೋಡಿ ಚೀಲದಲ್ಲೇ ಇಟ್ಟುಕೊಳ್ಳಬಹುದು. ಗಾಳಿ ಗನ್ನಿನ ಕಾಯಿಲೆ ಕಣ್ಣಿಗೆ ಕಾಣುವುದಿಲ್ಲ. ಮೂತಿಯನ್ನು ಮರಳಿಗೆ ಆನಿಸಿದಾಗ ನಾಲ್ಕು ಕಾಳು ಒಳಗೆ ಹೋದರೆ ಸಾಕು, ಪಿಸ್ಟನ್ನಿನ ಓ-ರಿಂಗ್, ಅಂದರೆ ಗಾಳಿ ತಡೆಯುವ ವಾಷರ್, ಗೀಚಿಹೋಗುತ್ತದೆ, ಗಾಳಿ ಸೋರಲು ಶುರು. ಸಂಶಯ ಬಂದರೆ ಮೂತಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಸಾಲಾಗಿ ಸಣ್ಣ ಗುಳ್ಳೆ ಏಳುತ್ತಿದ್ದರೆ ವಾಷರ್ ಹೋಗಿದೆ ಅಂತಲೇ ಅರ್ಥ. ಆಗ ಸುಮ್ನೆ ಸ್ಪ್ಯಾನರ್ ಹಿಡಿದು ಕೂರಬೇಡಿ. ಒಳಗಿನ ಗಾಳಿ ಪೂರ್ತಿ ಬಿಡದೆ ಬಿಚ್ಚಿದರೆ ಮೂತಿ ಗುಂಡಿನ ಹಾಗೆ ಹಾರುತ್ತದೆ. ಬಿಚ್ಚಿ ಜೋಡಿಸಿ ಗೊತ್ತಿದ್ದವರಿಗೆ ಕೊಡಿ. ಎರಡು ಗನ್ನಿಗೂ ಅನ್ವಯಿಸುವ ಮಾತು ಒಂದಿದೆ. ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ, ನೆರಳಿನಲ್ಲಿ ಒಣಗಿಸಿ. ನೀರಿಗೆ ಇಳಿದ ಮೇಲೆ ಲೋಡ್ ಮಾಡಿ, ಮೇಲೆ ಹತ್ತುವ ಮುಂಚೆ ಖಾಲಿ ಮಾಡಿ. ಸೇಫ್ಟಿ ಲಾಕ್ ನಂಬಿ ಯಾರ ಕಡೆಗೂ ತಿರುಗಿಸಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ರಬ್ಬರ್ ಗನ್ ಆದರೆ ಹಳೆಯ ರಬ್ಬರನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಈಟಿ ನೆಟ್ಟಗಿದೆಯಾ, ಟ್ರಿಗರ್ ಕಚ್ಚು ಸವೆದಿದೆಯಾ, ಅಷ್ಟು ನೋಡಿ. ಗಾಳಿ ಗನ್ ಆದರೆ ಲೋಡರ್ ಹಾಕಿ, ಮುಖ ಪಕ್ಕಕ್ಕಿಟ್ಟು, ಈಟಿಯನ್ನು ನಾಲ್ಕು ಬೆರಳಿನಷ್ಟು ಮಾತ್ರ ಒಳಗೆ ಒತ್ತಿ, ಹಿಡಿತ ಬಿಡದೆ ಮೆಲ್ಲಗೆ ವಾಪಸ್ ಬರಲು ಬಿಡಿ. ಬಲವಾಗಿ ಎದುರು ಒತ್ತಿದರೆ ಒಳಗೆ ಗಾಳಿ ಇದೆ. ಸಲೀಸಾಗಿ ಜಾರಿಹೋದರೆ, ಹೊಸ ವಾಷರ್‌ಗಳ ಖರ್ಚನ್ನೂ ಸೇರಿಸಿಕೊಂಡು ಚೌಕಾಸಿ ಮಾಡಿ. ನಮಸ್ಕಾರ.