ಭಾನುವಾರ ಬಾಗಿಲು ತೆರೆದಿರುತ್ತಿದ್ದ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

1868ರ ಮಾತು. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯ. ಅಲ್ಲಿನ ತೈಶಾನ್ ಸೀಮೆಯ ಒಂದು ಪುಟ್ಟ ಹಳ್ಳಿಯಲ್ಲಿ 14 ವರ್ಷದ ಹುಡುಗನೊಬ್ಬ ಅಪ್ಪನ ಮುಂದೆ ನಿಂತು, ನಾನು ಅಮೆರಿಕಕ್ಕೆ ಹೋಗ್ತೀನಿ ಅಂದ. ಅಪ್ಪ ಬೇಡ ಅನ್ನಲಿಲ್ಲ. ಇದ್ದ ಹೊಲವನ್ನು ಅಡ ಇಟ್ಟು, 30 ಡಾಲರ್ ಸಾಲ ತಂದು, ಮಗನ ಹಡಗಿನ ಖರ್ಚಿಗೆ ಕೊಟ್ಟ. ಹೊಲ ಅಡ ಇಡೋದು ಅಂದರೆ ಏನು ಅಂತ ಬೇಸಾಯದ ಮನೆಯಲ್ಲಿ ಹುಟ್ಟಿದವರಿಗೆ ನಾನು ಹೇಳಬೇಕಾಗಿಲ್ಲ.

ಆ ಹುಡುಗನ ಹೆಸರು ಹುಯಿ ಕಿನ್. ಹುಯಿ ಅನ್ನೋದು ಮನೆತನದ ಹೆಸರು, ಕಿನ್ ಅವನ ಸ್ವಂತ ಹೆಸರು. ನಮ್ಮಲ್ಲಿ ಊರಿನ ಹೆಸರೋ ಮನೆತನದ ಹೆಸರೋ ಮುಂದೆ ಬರುತ್ತಲ್ಲ, ಹಾಗೆ. ಇವತ್ತು ನಿಮಗೆ ಅವರ ಕಥೆ ಹೇಳಬೇಕು ಅಂತ ಬಂದಿದ್ದೇನೆ.

ಹಡಗಿನಲ್ಲಿ 60 ದಿನಕ್ಕೂ ಜಾಸ್ತಿ ಕಳೆಯಿತು. ಜೊತೆಗೆ ಹೊರಟಿದ್ದ ಅಣ್ಣತಮ್ಮಂದಿರ ವರಸೆಯವರಲ್ಲಿ ಹಿರಿಯವನು ದಾರಿಯಲ್ಲೇ ಕಾಯಿಲೆ ಬಿದ್ದು ತೀರಿಕೊಂಡ. ಅವನನ್ನು ಸಮುದ್ರಕ್ಕೇ ಒಪ್ಪಿಸಬೇಕಾಯಿತು. ಸೆಪ್ಟೆಂಬರಿನ ಒಂದು ಬೆಳಗ್ಗೆ ಮಂಜು ಸರಿದು ಸ್ಯಾನ್ ಫ್ರಾನ್ಸಿಸ್ಕೋದ ದಡ ಕಂಡಿತು. ತೈಶಾನಿನ ಜನ ಆ ನಾಡನ್ನು ಚಿನ್ನದ ಬೆಟ್ಟ ಅಂತ ಕರೆಯುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿದ ಕಾಲದಿಂದ ಉಳಿದುಕೊಂಡ ಹೆಸರು ಅದು.

ಆದರೆ ಕಾದಿದ್ದು ಬೇರೆ. ಚೀನೀಯರು ಬೀದಿಯಲ್ಲಿ ಹೋಗುತ್ತಿದ್ದರೆ ಚಿಕ್ಕ ಮಕ್ಕಳು ಉಗುಳುತ್ತಿದ್ದರು, ಇಲಿಗಳು ಅಂತ ಕೂಗುತ್ತಿದ್ದರು. ಬೆನ್ನಿಗೆ ಗುಂಡು ಬೀಳಬಹುದು ಅನ್ನುವ ಭಯಕ್ಕೆ ಕತ್ತಲಾದ ಮೇಲೆ ಹೊರಗೆ ಕಾಲಿಡುತ್ತಿರಲಿಲ್ಲ. ಇದನ್ನು ಹುಯಿ ಕಿನ್ ಅವರೇ ಮುಪ್ಪಿನಲ್ಲಿ ಬರೆದಿಟ್ಟಿದ್ದಾರೆ. ಓದುವಾಗ ನನ್ನ ಮನಸ್ಸು ಆ ಮಕ್ಕಳ ಹತ್ತಿರವೇ ನಿಂತುಬಿಟ್ಟಿತು. ದೊಡ್ಡವರ ದ್ವೇಷ ಮಕ್ಕಳ ಬಾಯಿಗೆ ಎಷ್ಟು ಸುಲಭವಾಗಿ ಬರುತ್ತೆ, ಅಲ್ವಾ?

ಹುಡುಗ ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್‌ನಲ್ಲಿ ಮನೆಗೆಲಸಕ್ಕೆ ಸೇರಿದ. ಇಂಗ್ಲಿಷ್ ಅಕ್ಷರ ಕಲಿತ, ಚರ್ಚಿಗೆ ಹೋಗತೊಡಗಿದ, 1874ರಲ್ಲಿ ದೀಕ್ಷಾಸ್ನಾನ ಪಡೆದ. ಉಗುಳುವವರೂ ಅದೇ ಚರ್ಚಿಗೆ ಸೇರಿದ ನಾಡಿನವರೇ. ಆದರೂ ಆ ನಂಬಿಕೆ ಅವನದಾಯಿತು. ಉಗುಳಿದವರನ್ನು ನೋಡಿ ಅವನು ದೇವರನ್ನು ಅಳೆಯಲಿಲ್ಲ. ಮುಂದೆ ಸಿನ್ಸಿನಾಟಿಯ ಲೇನ್ ಸೆಮಿನರಿಯಲ್ಲಿ ಧರ್ಮಶಾಸ್ತ್ರ ಓದಿದರು. 1885ರಲ್ಲಿ, ಮೂವತ್ತರ ಆಸುಪಾಸಿನಲ್ಲಿ, ನ್ಯೂಯಾರ್ಕ್‌ಗೆ ಬಂದರು. ಅಲ್ಲಿನ ಚೀನೀಯರ ನಡುವೆ ಕೆಲಸ ಮಾಡಲು ಪ್ರೆಸ್‌ಬಿಟೇರಿಯನ್ ಚರ್ಚು, ಅಂದರೆ ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ, ಅವರನ್ನು ಕರೆದಿತ್ತು.

ಈ ಚೀನೀಯರು ಯಾರು? ಹೆಚ್ಚಿನವರು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವವರು. ಒಲೆಯ ಮೇಲೆ ಕಾಯಿಸಿದ ಇಸ್ತ್ರಿ ಪೆಟ್ಟಿಗೆ ಸುಮಾರು 8 ಪೌಂಡ್ ತೂಗುತ್ತಿತ್ತು, ಅಂದರೆ ಮೂರೂವರೆ ಕಿಲೋಗೂ ಸ್ವಲ್ಪ ಜಾಸ್ತಿ. ತಮ್ಮ ಜೀವನಕ್ಕೇ ಅವರು ಎಂಟು ಪೌಂಡಿನ ಬದುಕು ಅಂತ ಹೆಸರಿಟ್ಟುಕೊಂಡಿದ್ದರು. ಬೆಳಗ್ಗೆಯಿಂದ ಸರಿರಾತ್ರಿವರೆಗೆ ಅದನ್ನೇ ಎತ್ತಿ ಇಳಿಸಬೇಕು. ಅಂಗಡಿಯ ಹಿಂದೆಯೇ ಅಡುಗೆ, ಅಲ್ಲೇ ಮಲಗೋದು. ವಾರಕ್ಕೊಂದೇ ಬಿಡುವು, ಭಾನುವಾರ.

ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. 1882ರಲ್ಲಿ ಅಮೆರಿಕ ಒಂದು ಕಾನೂನು ತಂದಿತು. ಚೀನೀ ಕೂಲಿಕಾರರು ಇನ್ನು ಮುಂದೆ ಒಳಗೆ ಬರುವ ಹಾಗಿಲ್ಲ, ಇದ್ದವರಿಗೂ ಪೌರತ್ವ ಕೊಡುವ ಹಾಗಿಲ್ಲ. ಕೂಲಿ ಮಾಡುವವನು ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳುವ ದಾರಿಯೂ ಮುಚ್ಚಿಹೋಯಿತು. ಹೀಗೆ ಸಾವಿರಾರು ಗಂಡಸರು ಹೆಂಡತಿಗೆ ದುಡ್ಡು ಕಳಿಸುತ್ತಾ, ಮಗನ ಮುಖ ನೋಡದೆ, ಇಸ್ತ್ರಿ ಮೇಜಿನ ಮುಂದೆಯೇ ಮುದುಕರಾದರು. ಕಾನೂನು ರದ್ದಾಗಿದ್ದು 1943ರಲ್ಲಿ. ಅಷ್ಟರಲ್ಲಿ 61 ವರ್ಷ ಕಳೆದಿತ್ತು.

ಅಂಥವರ ನಡುವೆ ಹುಯಿ ಕಿನ್ ಒಂದು ಭಾನುವಾರದ ಶಾಲೆ ನಡೆಸುತ್ತಿದ್ದರು. ಪ್ರಾರ್ಥನೆಯ ಜೊತೆಗೆ ಇಂಗ್ಲಿಷ್ ಪಾಠ. ಆ ಕಾಲದ ಇಂಥ ಶಾಲೆಗಳಲ್ಲಿ ಸಾಧಾರಣವಾಗಿ ಒಬ್ಬ ವಿದ್ಯಾರ್ಥಿಗೆ ಒಬ್ಬರು ಟೀಚರ್. ಎಷ್ಟೋ ಜನ ಬರೀ ಅಕ್ಷರ ಕಲಿಯುವುದಕ್ಕೇ ಬರುತ್ತಿದ್ದರು, ದೇವರಿಗಾಗಿ ಅಲ್ಲ ಅಂತ ಕೆಲವರು ಆಗ ದೂರುತ್ತಿದ್ದರು. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಲೆಕ್ಕದ ಚೀಟಿ ಓದಲು, ಗಿರಾಕಿಯ ಮಾತು ತಿಳಿಯಲು ಕಲಿಸುವುದೂ ಸೇವೆಯೇ.

ಹಾಗೆ ಕಲಿಸಲು ಬಂದವರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಲೂಯಿಸ್ ವ್ಯಾನ್ ಆರ್ನಮ್ ಅನ್ನುವ ಹುಡುಗಿಯೂ ಇದ್ದರು. ಬಿಳಿಯರು, ಉದ್ಯಮಿಯೊಬ್ಬರ ಮಗಳು. 1889ರಲ್ಲಿ ಇಬ್ಬರೂ ಮದುವೆಯಾದರು. ಹುಯಿ ಕಿನ್ ಕ್ಯಾಲಿಫೋರ್ನಿಯಾದಲ್ಲೇ ಉಳಿದಿದ್ದರೆ ಈ ಮದುವೆ ಆಗುತ್ತಲೇ ಇರಲಿಲ್ಲ. ಬಿಳಿಯರಿಗೂ ಚೀನೀಯರಿಗೂ ಮದುವೆಯ ಪರವಾನಗಿ ಕೊಡಬಾರದು ಅಂತ ಆ ರಾಜ್ಯ 1880ರಲ್ಲೇ ಕಟ್ಟಳೆ ಮಾಡಿತ್ತು. ನ್ಯೂಯಾರ್ಕ್‌ನಲ್ಲಿ ಅಂಥ ತಡೆ ಇರಲಿಲ್ಲ. ಕಾನೂನಿನ ತಡೆ ಇಲ್ಲದಿದ್ದರೂ ಬೀದಿಯ ಕಣ್ಣು ಇದ್ದೇ ಇರುತ್ತೆ. ಆಗಿನ ಕಾಲದಲ್ಲಿ ಚೀನೀಯನ ತೋಳು ಹಿಡಿದು ನಡೆಯುವುದಕ್ಕೆ ಆ ಹೆಣ್ಣುಮಗಳಿಗೆ ಎಷ್ಟು ಗಟ್ಟಿ ಮನಸ್ಸು ಬೇಕಾಗಿತ್ತೋ, ಯೋಚನೆ ಮಾಡಿ.

ಒಂಬತ್ತು ಮಕ್ಕಳಾದರು. ಆರು ಹೆಣ್ಣು, ಮೂರು ಗಂಡು. ಹೆಂಡತಿ ಮಕ್ಕಳು ಸಮುದ್ರದಾಚೆ ಇರುವ ಗಂಡಸರ ನಡುವೆ, ಒಂಬತ್ತು ಮಕ್ಕಳ ಮನೆ! ವಾರವಿಡೀ ಇಸ್ತ್ರಿಯ ಬಿಸಿಯಲ್ಲಿ ಬೆಂದವರು ಭಾನುವಾರ ಅಲ್ಲಿಗೆ ಬಂದಾಗ ಬೈಬಲ್ಲಿನ ಮಾತಿಗಿಂತ ಮುಂಚೆ ಮಕ್ಕಳ ಗಲಾಟೆಯೇ ಕಿವಿಗೆ ಬಿದ್ದಿರಬೇಕು. ಅದೇ ಅವರಿಗೆ ಮೊದಲ ಪ್ರಸಾದ ಅಂತ ನನಗೆ ಅನ್ನಿಸುತ್ತೆ. ಹುಯಿ ಕಿನ್ ಅವರ ಸಂಸಾರ ಬೇರೆ, ಧರ್ಮ ಬೇರೆ ಅಂತ ಇರಲಿಲ್ಲ. ಒಂದೇ ಬಾಗಿಲಿನ ಒಳಗೆ ಎರಡೂ ನಡೆಯುತ್ತಿದ್ದವು.

ಆ ಮನೆಗೆ ದೊಡ್ಡವರೂ ಬಂದರು. ಮುಂದೆ ಚೀನಾ ಗಣರಾಜ್ಯದ ಮೊದಲ ಅಧ್ಯಕ್ಷರಾದ ಸುನ್ ಯಾಟ್ ಸೆನ್ 1904ರಲ್ಲಿ ಇವರಲ್ಲೇ ತಂಗಿದ್ದರು. ಆಗ ಅವರು ಚಕ್ರವರ್ತಿಯ ಸರ್ಕಾರ ಹಿಡಿಯಲು ಹುಡುಕುತ್ತಿದ್ದ ಬಂಡಾಯಗಾರ, ಊರೂರು ಅಲೆಯುತ್ತಿದ್ದವರು. ಅವರೂ ಕ್ರೈಸ್ತರೇ. ಇಸ್ತ್ರಿಯವನು ಬಂದರೂ ಸುನ್ ಯಾಟ್ ಸೆನ್ ಬಂದರೂ ಆ ಮನೆಯ ಬಾಗಿಲು ತೆರೆಯುತ್ತಿತ್ತು.

1895ರಲ್ಲಿ ಹುಯಿ ಕಿನ್ ಪಾದ್ರಿಯಾಗಿ ದೀಕ್ಷೆ ಪಡೆದಿದ್ದರು. 1910ರಲ್ಲಿ ಅವರ ಸಭೆ ನ್ಯೂಯಾರ್ಕಿನ ಮೊದಲ ಚೀನೀ ಪ್ರೆಸ್‌ಬಿಟೇರಿಯನ್ ಚರ್ಚ್ ಆಯಿತು. ಆ ಚರ್ಚು ಇವತ್ತಿಗೂ ಇದೆ.

ಇನ್ನು ಮಕ್ಕಳ ವಿಷಯ. ಅಮೆರಿಕದಲ್ಲಿ ಹುಟ್ಟಿದ ಚೀನೀ ಮಕ್ಕಳು ಅಲ್ಲಿನ ಪೌರರೇ ಅಂತ 1898ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಅಂದರೆ ಈ ಒಂಬತ್ತು ಮಕ್ಕಳು ಆ ನೆಲದವರೇ. ಆದರೂ ಆರೂ ಹೆಣ್ಣುಮಕ್ಕಳು ಅಮೆರಿಕಕ್ಕೆ ಓದಲು ಬಂದಿದ್ದ ಚೀನೀ ಹುಡುಗರನ್ನು ಮದುವೆಯಾಗಿ ಚೀನಾಕ್ಕೆ ಹೊರಟರು. ಅಪ್ಪ ಬಂದ ಸಮುದ್ರದ ದಾರಿಯಲ್ಲೇ ಮಕ್ಕಳು ತಿರುಗಿ ಹೋದರು.

ಅವರಲ್ಲಿ ಆಲಿಸ್ 1921ರಲ್ಲಿ ಜೇಮ್ಸ್ ಯೆನ್ ಅವರನ್ನು ಮದುವೆಯಾದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸುಮಾರು 1,40,000 ಚೀನೀ ಕೂಲಿಕಾರರು ಯುರೋಪಿಗೆ ಹೋಗಿದ್ದರು. ಫ್ರಾನ್ಸಿನಲ್ಲಿ ಅವರ ನಡುವೆ ಕೆಲಸ ಮಾಡುತ್ತಿದ್ದ ಯೆನ್, ರಾತ್ರಿ ಕೂತು ಅವರ ಮನೆಗೆ ಕಾಗದ ಬರೆದುಕೊಡುತ್ತಿದ್ದರು. ಎಷ್ಟು ಬರೆದರೂ ಮುಗಿಯುತ್ತಿರಲಿಲ್ಲ. ಕೊನೆಗೆ, ನೀವೇ ಬರೆಯೋದು ಕಲೀರಿ ಅಂತ ಪಾಠ ಶುರು ಮಾಡಿದರು. ಚೀನೀ ಲಿಪಿಯಲ್ಲಿ ಅಕ್ಷರಗಳು ಸಾವಿರಾರು. ದಿನಬಳಕೆಗೆ ಬೇಕಾದ ಸುಮಾರು 1,000 ಅಕ್ಷರ ಆರಿಸಿ ಹಳ್ಳಿಯ ಜನರಿಗೆ ಕಲಿಸುವ ಚಳವಳಿ ಅದರಿಂದಲೇ ಬೆಳೆಯಿತು. ಮಾವ ನ್ಯೂಯಾರ್ಕಿನಲ್ಲಿ ಇಸ್ತ್ರಿಯವರಿಗೆ ಎ ಬಿ ಸಿ ಹೇಳಿಕೊಟ್ಟರು, ಅಳಿಯ ರೈತರಿಗೆ ಚೀನೀ ಅಕ್ಷರ ಹೇಳಿಕೊಟ್ಟರು. ಆಲಿಸ್ ಎರಡನ್ನೂ ಹತ್ತಿರದಿಂದ ಕಂಡವರು.

ಕೆಲಸದಿಂದ ಬಿಡುವಾದ ಮೇಲೆ ಹುಯಿ ಕಿನ್ ಕೂಡ ಚೀನಾಕ್ಕೆ ಹೋದರು. ತಮ್ಮ ಬಾಳಿನ ನೆನಪುಗಳನ್ನು ಬರೆದರು, 1932ರಲ್ಲಿ ಅದು ಬೀಜಿಂಗ್‌ನಲ್ಲಿ ಅಚ್ಚಾಯಿತು. 1934ರಲ್ಲಿ, ಹುಟ್ಟಿದ ದೇಶದಲ್ಲೇ, ಬೀಜಿಂಗ್‌ನಲ್ಲಿ ಅವರು ತೀರಿಕೊಂಡರು. ಅಪ್ಪ ಹೊಲ ಅಡ ಇಟ್ಟು ಕಳಿಸಿಕೊಟ್ಟು ಆಗ 66 ವರ್ಷ ಆಗಿತ್ತು.

ನಮಸ್ಕಾರ.